ಎಂಜಲೆಲೆ ಓದುವ ನಮ್ಮ ಮಾವ

ಕೈ ನೋಡಿ ಭವಿಷ್ಯ ಹೇಳುವವರನ್ನು ನೀವು ಕಂಡಿರಬಹುದು. ಮುಖ ನೋಡಿ ಹೇಳುವವರನ್ನೂ ಕಂಡಿರಬಹುದು. ಉಂಡು ಬಿಟ್ಟ ಎಲೆ ನೋಡಿ ಇಡೀ ಊರಿನ ಜಾತಕ ಹೇಳುವವರನ್ನು ಕಂಡಿದ್ದೀರಾ? ಇಲ್ಲವಾದರೆ ಬೆಟಗೇರಿಗೆ ಬನ್ನಿ, ನಮ್ಮ ಸೋದರಮಾವನನ್ನು ತೋರಿಸುತ್ತೇನೆ. ಆದರೆ ಅವನ ಎದುರಿಗೆ ಕೂತು ಮಾತ್ರ ಊಟ ಮಾಡಬೇಡಿ. ನಿಮ್ಮ ಎಲೆಯ ಮೂಲೆಯಲ್ಲಿ ಏನು ಉಳಿಯಿತು ಎಂಬುದು ನಿಮಗಿಂತ ಮೊದಲು ಅವನಿಗೆ ಗೊತ್ತಾಗಿರುತ್ತದೆ!

ಮಾವನದು ಚಟ್ನಿಪುಡಿಯ ವ್ಯಾಪಾರ. ಶೇಂಗಾ, ಗುರೆಳ್ಳು (ಹುಚ್ಚೆಳ್ಳು), ಅಗಸಿ, ಹೀಗೆ ಮೂರೇ ಬಗೆ. ಹಿತ್ತಲಿನಲ್ಲಿ ಒಂದು ತಗಡಿನ ಶೆಡ್ಡು, ಕುಟ್ಟಲು ಬರುವ ನಾಲ್ವರು ಹೆಂಗಸರು, ಸಾಗಿಸಲು ಮೂರು ಗಾಲಿಯ ಒಂದು ಟಂಟಂ ಗಾಡಿ. ಗಾಡಿ ಗದಗ-ಬೆಟಗೇರಿಯ ಅಂಗಡಿಗಳನ್ನು ಮುಗಿಸಿ, ಮುಳಗುಂದದ ದಾರಿ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ, ಡೋಣಿ ಊರಿನ ಮೇಲೆ ಹಾಯ್ದು ಮನೆಗೆ ಬರುತ್ತದೆ. ಮೂರು ಬಗೆ, ಐದು ಊರು. ಇದಕ್ಕೇನು ಮಹಾ ಯೋಜನೆ ಬೇಕು ಎನ್ನುತ್ತೀರಾ? ನಾನೂ ಹಾಗೇ ಅಂದುಕೊಂಡಿದ್ದೆ. ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವವನು ನಾನು. ಬೇಡಿಕೆ, ಪೂರೈಕೆ ಎಂದು ಬೋರ್ಡಿನ ಮೇಲೆ ಎರಡು ಗೆರೆ ಎಳೆದು ಸಂಬಳ ತೆಗೆದುಕೊಳ್ಳುವವನು. ಒಂದು ದಿನ ಮಾವ ನನ್ನನ್ನು ಶೆಡ್ಡಿಗೆ ಎಳೆದುಕೊಂಡು ಹೋಗಿ ತನ್ನ ಕರಿಹಲಗೆ ತೋರಿಸಿದ. ಅದರ ಮೇಲೆ ಐದು ಊರಿಗೆ ಐದು ಖಾನೆಗಳಿದ್ದವು.

"ನೋಡಲೇ ಅಳಿಯಾ, ಗದಗಕ್ಕ ಶೇಂಗಾ, ಬೆಲ್ಲ ಒಂಚೂರು ಮುಂದ ಇರಬೇಕು. ಬೆಟಗೇರಿಗೆ ಶೇಂಗಾನ, ಆದ್ರ ಬೆಲ್ಲ ಬ್ಯಾಡ, ಖಾರ. ಮಗ್ಗದ ಮುಂದ ಕುಂತವರಿಗೆ ನಾಕು ತುತ್ತಿನಾಗ ಊಟ ಮುಗೀಬೇಕು. ಲಕ್ಷ್ಮೇಶ್ವರಕ್ಕ ಅರ್ಧ ಮಾಲು ಬಳ್ಳೊಳ್ಳಿ ಇಲ್ಲದ್ದು. ಶಿರಹಟ್ಟಿಗೆ ಅಗಸಿ. ಮುಂಡರಗಿಗೆ ಗುರೆಳ್ಳು, ಅದೂ ಕಣ್ಣಾಗ ನೀರು ಬರೂವಂಗ! ಒಂದು ಅದಲು ಬದಲು ಆತಂದ್ರ ಮುಗೀತು."

"ಮುಗೀತು ಅಂದ್ರ ಏನಾಕ್ಕೈತಿ ಮಾವಾ?"

"ಏನೂ ಆಗೂದಿಲ್ಲ. ಮಾಲು ಅಲ್ಲೇ ಕುಂಡರತೈತಿ, ನಾವು ಇಲ್ಲೇ ಕುಂಡರತೀವಿ."

ಹಲಗೆ ಬರೆಯುವವನು ಮಾವನಾದರೆ ರುಚಿ ಕೂಡಿಸುವವಳು ನಮ್ಮ ಅತ್ತೆ. ಅವಳ ಹತ್ತಿರ ತಕ್ಕಡಿ ಇಲ್ಲ, ಚಮಚೆ ಇಲ್ಲ. ಚಿಟಿಕೆ ಪುಡಿ ನಾಲಿಗೆಗೆ ಹಚ್ಚಿಕೊಂಡು "ಇದು ಶಿರಹಟ್ಟಿಗೆ ನಡೀತೈತಿ, ಇದು ಮುಂಡರಗಿಗೆ ಸಾಲೂದಿಲ್ಲ" ಎನ್ನುವಳು. ಅಷ್ಟು ಹೇಳಿ ಮಾವನನ್ನು ಬೈಯಲು ಶುರುಮಾಡುವಳು. ಗಾಡಿ ಹೊರಡುವವರೆಗೆ ಬೈಗುಳ ನಿಲ್ಲುತ್ತಿರಲಿಲ್ಲ.

ಬೈಯದೆ ಏನು ಮಾಡಿಯಾಳು ಹೇಳಿ! ಯಾವ ಊರಿಗೆ ಯಾವ ರುಚಿ ಎಂದು ತಿಳಿಯಲು ಮಾವ ಹಿಡಿದ ದಾರಿಯೇ ಅಂಥದು. ಕರೆದವರ ಮದುವೆಗೂ ಹೋಗುತ್ತಾನೆ, ಕರೆಯದವರ ಮದುವೆಗೂ ಹೋಗುತ್ತಾನೆ. ಮೊದಲ ಪಂಕ್ತಿಯಲ್ಲಿ ಉಂಡೆದ್ದು, ಎಲೆ ಎಸೆಯುವ ಬುಟ್ಟಿಯ ಪಕ್ಕ ಪಹರೆಯವನ ಹಾಗೆ ನಿಂತುಬಿಡುತ್ತಾನೆ. ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಹೀಗೇ ಬಗ್ಗಿ ಬಗ್ಗಿ ನೋಡುತ್ತಿದ್ದಾಗ ಹೆಣ್ಣಿನ ತಂದೆ ಗಾಬರಿಯಾಗಿ ಓಡಿಬಂದರು.

"ಏನ್ರೀ ಯಜಮಾನ್ರ, ಉಂಗುರ ಕಳಕೊಂಡೀರೇನು?"

ಮಾವ ತನ್ನ ಧ್ಯಾನದಲ್ಲಿ "ಹೂಂ" ಎಂದುಬಿಟ್ಟ. ಆಗಬೇಕಾದ್ದು ಆಯಿತು. ಬೀಗರು, ಬಡಿಸುವವರು, ರೇಷ್ಮೆ ಪಂಚೆಯ ಮದುಮಗನ ಚಿಕ್ಕಪ್ಪ, ಎಲ್ಲರೂ ತೋಳೇರಿಸಿ ಎಂಜಲೆಲೆ ತಡಕಾಡತೊಡಗಿದರು. ಹತ್ತು ನಿಮಿಷವಾದ ಮೇಲೆ ಮಾವ "ಸಿಕ್ತು, ಸಿಕ್ತು!" ಎಂದು ಕುಣಿದ. ಎಲ್ಲರೂ ಸುತ್ತ ನೆರೆದರು. "ಈ ಊರಿಗೆ ಹುಣಸಿಹುಳಿ ಸೇರೂದಿಲ್ರಿ. ಎಲ್ಲಾ ಎಲಿಯಾಗೂ ಹುಳಿ ಚಟ್ನಿನ ಉಳದೈತಿ!" ಎಂದ.

ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡೇ ಬಸ್ ಹತ್ತಿದಳಂತೆ. "ಮಾನ ಮರ್ಯಾದಿ ಐತಿಲ್ರಿ ನಿಮಗ? ಇನ್ನ ಈ ಊರಾಗ ಯಾರ ಮನೀಗೆ ಹೋಗಲಿ ನಾನು?" ಎಂದು ಮುಳಗುಂದ ದಾಟುವವರೆಗೆ ಬೈದಳಂತೆ. ಆದರೆ ಮರುವಾರ ಲಕ್ಷ್ಮೇಶ್ವರದ ಮಾಲಿಗೆ ಅರ್ಧ ಹುಣಸೆ ಕಡಿಮೆ ಹಾಕಿದವಳೂ ಅವಳೇ.

ಒಮ್ಮೆ ಬೆಂಗಳೂರಿನಿಂದ ದೊಡ್ಡ ಕಂಪನಿಯ ಸಾಹೇಬನೊಬ್ಬ ಲ್ಯಾಪ್‌ಟಾಪ್ ಹಿಡಿದು ಬಂದ. "ಸರ್, ಐದು ಊರಿಗೆ ಐದು ಥರ ಯಾಕೆ? ಒಂದೇ ಟೇಸ್ಟ್ ಮಾಡಿ, ಪೂರ್ತಿ ಮಾಲು ನಾವೇ ತಗೋತೀವಿ" ಎಂದ. ಮಾವ "ಆತ್ರಿ, ಮೊದಲ ಒಂದು ರೊಟ್ಟಿ ತಿನ್ರಿ" ಎಂದು ಮುಂಡರಗಿಯ ಗುರೆಳ್ಳು ಚಟ್ನಿ ಬಡಿಸಿದ. ಎರಡನೇ ತುತ್ತಿಗೆ ಸಾಹೇಬನ ಕಿವಿ ಕೆಂಪಾದವು. ಮೂರನೇ ತುತ್ತಿಗೆ ಮಾತು ನಿಂತಿತು. ಮಾವ ಮಜ್ಜಿಗೆಯ ಲೋಟ ಕೈಗಿಡುತ್ತ ಬಲು ವಿನಯದಿಂದ ಕೇಳಿದ: "ಇದನ್ನ ಎಲ್ಲಾ ಊರಿಗೂ ಕಳಸೂಣೇನ್ರಿ ಸಾಹೇಬ್ರ?" ಸಾಹೇಬ ಎರಡೂ ಕೈ ಅಲ್ಲಾಡಿಸಿದ. ಹೋಗುವಾಗ ಮಾತ್ರ ಗದಗಿನ ಬೆಲ್ಲದ ಶೇಂಗಾ ಎರಡು ಪಾಕೀಟು ಕಟ್ಟಿಸಿಕೊಂಡ.

ಮಾವನ ಇನ್ನೊಂದು ಹುಚ್ಚು ಕೇಳಿ. ಯಾರಾದರೂ ತಕರಾರು ಮಾಡಿದರೆ ಅವನಿಗೆ ಹಬ್ಬ! ತಕರಾರು ಮಾಡಿದ ಗಿರಾಕಿಗೆ ಒಂದು ಪಾಕೀಟು ಪುಕ್ಕಟೆ, ಅದೂ ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, ಇದು ಅವನ ಕಾನೂನು. "ಬೈಯಾಂವ ನಮ್ಮದ ತಿನ್ನಾಕತ್ಯಾನ ಅಂತ ಅರ್ಥ. ಚಲೋ ಐತಿ ಅಂತ ಸುಮ್ಮನ ಹೋದಾಂವಗ ಅಂಜಬೇಕಲೇ ಅಳಿಯಾ, ಅಂವಾ ತಿರುಗಿ ಬರೂದಿಲ್ಲ" ಎನ್ನುತ್ತಿದ್ದ. ಈ ಕಾನೂನಿನ ಸುಳಿವು ಹಿಡಿದ ಮುಂಡರಗಿಯ ಅಂಗಡಿಯ ಶೆಟ್ಟರು ವಾರಕ್ಕೊಂದು ತಕರಾರು ತಪ್ಪದೇ ಮಾಡುತ್ತಿದ್ದರು. ಅವರ ಮನೆಯಲ್ಲಿ ಚಟ್ನಿಪುಡಿ ಕೊಂಡು ತಿಂದದ್ದೇ ಇಲ್ಲ ಎಂದು ನನ್ನ ಗುಮಾನಿ.

ಆದರೆ ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಶೆಟ್ಟರು ಮಾಡಿದ ತಕರಾರು ಖರೆಯದಾಗಿತ್ತು. "ಏನ್ರೀ, ಈ ಸಲ ಚಟ್ನಿಗೆ ಉಪ್ಪ ಇಲ್ಲಲ್ಲರಿ!"

ಮಾವ ನಕ್ಕು ಫೋನಿಟ್ಟು, ಶೆಡ್ಡಿಗೆ ಬಂದು, ಡಬ್ಬಿಯಲ್ಲಿದ್ದ ಪುಡಿ ಬಾಯಿಗೆ ಹಾಕಿಕೊಂಡ. ಅವನ ನಗು ಅಲ್ಲಿಗೇ ನಿಂತಿತು. ಅತ್ತೆಯನ್ನು ಕರೆದು ರುಚಿ ನೋಡೆಂದ. ಅವಳು ನಾಲಿಗೆಗೆ ಹಚ್ಚಿಕೊಂಡು "ಚಲೋ ಐತ್ರಿ" ಎಂದಳು. ಆಮೇಲೆ ಅವನ ಮುಖ ನೋಡಿ ಅಳತೊಡಗಿದಳು. ಹದಿನೈದು ದಿನದ ಹಿಂದೆ ಅವಳಿಗೆ ಜ್ವರ ಬಂದು ಬಿಟ್ಟಿತ್ತು. ಅಂದಿನಿಂದ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಹೇಳಿದರೆ ದಂಧೆ ನಿಲ್ಲುತ್ತದೆಂದು ಅಂದಾಜಿನ ಮೇಲೆ ಕೂಡಿಸುತ್ತಿದ್ದಳು. "ಏನ ತಿಂದ್ರೂ ತೌಡು ತಿಂದಂಗ ಆಗಾಕತ್ತೈತ್ರಿ. ಉಪ್ಪು ಹಾಕೇನೋ ಬಿಟ್ಟೇನೋ, ನನಗ ತಿಳಿಯವಲ್ದು."

ಡಾಕ್ಟರರು ನೋಡಿದರು. "ತಿರುಗಿ ಬರಬಹುದು, ಯಾವಾಗ ಅಂತ ಹೇಳೋಕಾಗಲ್ಲ" ಎಂದರು.

ದಂಧೆಗೇನು, ನಡೆಯಿತು. ಕುಟ್ಟುವ ಹೆಂಗಸರು ಅತ್ತೆಯ ಕೈಯಳತೆಯನ್ನು ನೆನೆನೆನೆದು ಹಾಕಿದರು. ರುಚಿ ನೋಡುವ ಕೆಲಸ ನನ್ನ ನಾಲಿಗೆಗೆ ಬಿತ್ತು. ಮುಂಡರಗಿಯ ಮಾಲು ಪರೀಕ್ಷಿಸಿದ ದಿನ ಕಾಲೇಜಿನಲ್ಲಿ ನನ್ನ ಬಾಯಿಂದ ಪಾಠವೇ ಹೊರಡುತ್ತಿರಲಿಲ್ಲ. ಮಕ್ಕಳು ಖುಷಿಪಟ್ಟರು!

ನಡೆಯದೆ ನಿಂತದ್ದು ಅತ್ತೆಯ ಬೈಗುಳ. ಅವಳು ಶೆಡ್ಡಿಗೆ ಬರುವುದನ್ನು ಬಿಟ್ಟಳು. ಏನು ಬಡಿಸಿದರೂ ತಲೆ ತಗ್ಗಿಸಿ ಉಂಡು "ಚಲೋ ಐತ್ರಿ" ಎನ್ನುವಳು. ತಾಟು ಕನ್ನಡಿಯಂತೆ ಖಾಲಿ. ಐದು ಊರಿನ ಎಂಜಲೆಲೆ ಓದಿದ ಮನುಷ್ಯ ಮನೆಯ ಖಾಲಿ ತಾಟು ಕಂಡು ಹೆದರಿಹೋದ. "ಊರ ಮಂದೀ ಎಲಿ ನೋಡಕೋತ ಅಡ್ಡಾಡಿದ್ನಿ. ಇಕಿಗೆ ಏನ ಸೇರತೈತಿ ಅಂತ ಒಂದಿನಾನೂ ನೋಡಲಿಲ್ಲಲೇ" ಎಂದು ನನ್ನ ಮುಂದೆ ಹೇಳಿಕೊಂಡ.

ಮರುದಿನ ಕರಿಹಲಗೆಯ ಮೇಲೆ ಆರನೆಯ ಖಾನೆ ಬಂತು. ಊರಿನ ಹೆಸರಿನ ಜಾಗದಲ್ಲಿ 'ಮನಿ' ಎಂದು ಬರೆದಿತ್ತು. ಒಲೆ ಹಚ್ಚಲು ಬಾರದ ನನ್ನ ಮಾವ ದಿನಾ ಬೆಳಿಗ್ಗೆ ಒಂದು ಹಿಡಿ ಚಟ್ನಿ ತಾನೇ ಕುಟ್ಟತೊಡಗಿದ. ಒಂದು ದಿನ ಹುಳಿ ಮುಂದೆ, ಒಂದು ದಿನ ಖಾರ ಮುಂದೆ, ಒಂದು ದಿನ ಬರೀ ಬೆಳ್ಳುಳ್ಳಿ. ಆರನೆಯ ಖಾನೆಯಲ್ಲಿ ಪ್ರತಿದಿನ ಒಂದೇ ಬರೆಹ: 'ಚಲೋ ಐತಿ'. ಅದನ್ನು ಬರೆಯುವಾಗಲೆಲ್ಲ ಅವನ ಮುಖ ನೋಡಲು ಆಗುತ್ತಿರಲಿಲ್ಲ.

ಎಳ್ಳಮವಾಸ್ಯೆ ಹತ್ತಿರ ಬಂದಿತ್ತು. ಹೊಲಕ್ಕೆ ಬುತ್ತಿ ಒಯ್ಯುವವರು ಮೂರು ಪಟ್ಟು ಚಟ್ನಿ ಕೊಳ್ಳುವ ಕಾಲ. ಬೆಳಿಗ್ಗೆ ನಾನೂ ಗಾಡಿ ತುಂಬಲು ಕೈಹಚ್ಚಿದ್ದೆ. ಕಟ್ಟೆಯ ಮೇಲೆ ಮಾವ ಕುಟ್ಟಿದ ಚಟ್ನಿ ಹಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ ಅತ್ತೆ ತಟ್ಟನೆ ಅಗಿಯುವುದನ್ನು ನಿಲ್ಲಿಸಿದಳು.

"ರೀ! ಯಾರ್ ಹಾಕ್ಯಾರ ಇದಕ್ಕ ಉಪ್ಪು? ಬಾಯಾಗಿಡಾಕ ಆಗವಲ್ದು!"

ಮಾವನ ಕೈಯಲ್ಲಿದ್ದ ಡಬ್ಬಿ ಕೆಳಗೆ ಬಿತ್ತು. "ಏನಂದಿ? ಇನ್ನೊಮ್ಮೆ ಅನ್ನು."

"ಏನನ್ನೂದು ನಿಮ್ಮ ತಲಿ! ಇಷ್ಟು ದಿನ ಇಂಥಾದನ್ನ ತಿನಿಸೀರೇನು ನನಗ?"

ಮಾವ ಸೀಮೆಸುಣ್ಣ ತೆಗೆದುಕೊಂಡು ಆರನೆಯ ಖಾನೆಯಲ್ಲಿ 'ಉಪ್ಪು ಹೆಚ್ಚು' ಎಂದು ಬರೆದ. ಅಕ್ಷರ ಸೊಟ್ಟಗಾದವು. ಆಮೇಲೆ ಗಾಡಿಯಿಂದ ಒಂದು ಪಾಕೀಟು ತೆಗೆದು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಹಿಡಿದು ನೀಡಿದ. "ತಗೋ. ತಕರಾರು ಮಾಡಿದವ್ರಿಗೆ ಪುಕ್ಕಟ."

"ನನ್ನ ಚಟ್ನಿ ನನಗ ಕೊಡ್ತೀರೇನು?" ಎಂದು ಅತ್ತೆ ಕಸಿದುಕೊಂಡಳು. ಕಸಿದುಕೊಂಡು ಎದೆಗೆ ಒತ್ತಿ ಹಿಡಿದಳು.

ಆ ದಿನ ಗಾಡಿ ಎರಡು ತಾಸು ತಡವಾಗಿ ಹೊರಟಿತು. ಶಿರಹಟ್ಟಿಯ ಅಗಸಿ ಮುಂಡರಗಿಗೆ ಹೋಯಿತು, ಮುಂಡರಗಿಯ ಗುರೆಳ್ಳು ಶಿರಹಟ್ಟಿಗೆ ಹೋಯಿತು. ಸಂಜೆ ಶೆಟ್ಟರ ಫೋನು ಮೇಲಿಂದ ಮೇಲೆ ಬಡಿದುಕೊಂಡಿತು. ಮಾವ ಎತ್ತಲಿಲ್ಲ. ಅತ್ತೆ ಇನ್ನೂ ಬೈಯುತ್ತಿದ್ದಳು, ಅವನು ಗದ್ದಕ್ಕೆ ಕೈ ಕೊಟ್ಟು ಕೇಳುತ್ತ ಕೂತಿದ್ದ.