ಕಿಡ್ನಿಗೆ ಬೇಕಾದ ನಿದ್ದೆ

ಲಾಡಬಿ ನಳದ ಹತ್ತಿರ ಬಾಯಿಬಿಟ್ಟಿದ್ದೇ ತಪ್ಪಾಯಿತು. ಗಂಡ ಮುರ್ತುಜಾಸಾಬನ ಕಾಲು ಬಾತಿದ್ದವು. "ವರ್ಷಗಟ್ಟಲೆ ನಿದ್ದೆಗೆಟ್ಟು ಬಿ.ಪಿ. ಏರಿದೆ, ಕಿಡ್ನಿ ಸೋಲುತ್ತಿದೆ. ಗುಳಿಗೆಯ ಜೊತೆ ನಿದ್ದೆಯೂ ಬೇಕು. ರಾತ್ರಿ ಆಗದಿದ್ದರೆ ಹಗಲಾದರೂ ಮಲಗು" ಎಂದು ಗೋವಾದ ವಾಸ್ಕೋ ಊರಿನ ಡಾಕ್ಟರು ಬೈದು ಕಳಿಸಿದ್ದರು. ಕೊಡ ತುಂಬುವಷ್ಟರಲ್ಲಿ ಸುದ್ದಿ ಅವರ ಓಣಿಯಿದ್ದ ಸಡಾದ ಗುಡ್ಡ ಹತ್ತಿ ಇಳಿದಿತ್ತು.

ವೆರ್ಣಾದ ಕಾರ್ಖಾನೆಯಲ್ಲಿ ರಾತ್ರಿಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಇಳಿದು ಬಂದ ಮುರ್ತುಜಾಸಾಬ ಆಗಷ್ಟೇ ಚಾಪೆಗೆ ಬೆನ್ನು ಹಚ್ಚಿದ್ದ. ಕಾದ ತಗಡಿನ ಕೆಳಗೆ ಹಂಚಿನ ಮೇಲಿನ ರೊಟ್ಟಿಯಂತೆ ಹೊರಳುತ್ತಿದ್ದ. ಬಿಜಾಪುರ ಬಿಟ್ಟು ಬಂದರೂ ಮಂದಿ ರೀತಿ ಬಿಟ್ಟಿರಲಿಲ್ಲ: ಜಡ್ಡಾದವನನ್ನು ಮಾತಾಡಿಸದೆ ಇರುವಂತಿಲ್ಲ, ಮಾತಾಡಿಸಲು ಬಂದವರೆದುರು ಜಡ್ಡಾದವನು ಮಲಗಿರುವಂತಿಲ್ಲ.

ಪಕ್ಕದ ಮನೆಯ ಫಕೀರವ್ವ ಬಂದು ಭುಜ ಹಿಡಿದು ಅಲುಗಾಡಿಸಿದಳು.

"ಸಾಬ್ರ, ನಿದ್ದಿ ಹತ್ತೇತೇನ್ರಿ?"

"ಹತ್ತಿತ್ತವ್ವ."

"ಹತ್ತಲಿ ಹತ್ತಲಿ! ನಿಮ್ಮ ಕಿಡ್ನಿಗೆ ನಿದ್ದಿ ಭಾಳ ಬೇಕಂತ. ಲಾಡಬಿ, ಚಾ ಏನೂ ಬ್ಯಾಡವಾ… ಮಾಡಿದ್ರ ಸಕ್ರಿ ಮುಂದ ಹಾಕು."

ಹಿಂದೆಯೇ ಬಂದರಿನ ಹಮಾಲ ಗಂಗಪ್ಪ ಚಂಬು ತುಂಬ ಹುರುಳಿಕಟ್ಟು ಹಿಡಿದು ಬಂದ. "ಕುಡಿಯೋ ಸಾಬಾ. ನಮ್ಮ ಕಾಕಾ ಇದನ್ನ ದಿನಾ ಕುಡೀತಿದ್ದ."

"ಆರಾಮಾದ್ನೇನು?"

"ಸತ್ತಾ. ಲಾರಿ ಹಾದು ಸತ್ತಾ. ಕಿಡ್ನಿ ಮಾತ್ರ ಖರೇ ಚಲೋ ಇದ್ವು!"

ಮಧ್ಯಾಹ್ನದ ಹೊತ್ತಿಗೆ ಖೋಲಿ ಕಂಪನಿ ಬಸ್ಸಿನಂತೆ ತುಂಬಿತ್ತು. ತಲೆದಿಂಬಿನ ಮೇಲೆ ಯಾರೋ ಕೂತಿದ್ದರು. "ಗದ್ಲ ಮಾಡಬ್ಯಾಡ್ರೋ, ಸಾಬ ಮಲಗಬೇಕು!" ಎಂದು ಗಂಗಪ್ಪ ಕೂಗಿದ ರಭಸಕ್ಕೆ ಹಿಂದಿನ ಓಣಿಯ ಕೂಸುಗಳೂ ಎದ್ದು ಅತ್ತವು.

ಮುರ್ತುಜಾಸಾಬ ಕೈಮುಗಿದ. "ನನ್ನ ಯಾಕ ಕಾಡ್ತೀರಿ? ಅಷ್ಟ ಜೀವಾ ಮರಗತಿದ್ರ ಆ ಸುಪರ್‌ವೈಜರನ್ನ ಹಿಡಕೊಂಡು ಡೇ ಶಿಫ್ಟ್ ಕೊಡಸ್ರಿ!"

ಸಿಟ್ಟಿಗೆ ಆಡಿದ ಮಾತನ್ನು ಮಂದಿ ಎತ್ತಿಕೊಂಡರು. ಇವನ ಇಷ್ಟು ವರ್ಷದ ರಾತ್ರಿಗಳನ್ನೆಲ್ಲ ನುಂಗಿದ ಕಂಪನಿಗೆ ಇವನ ಟೋಕನ್ ನಂಬರು ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಸಂಜೆ ಬಸ್ಸು ಬಂದಾಗ ಓಣಿಗೆ ಓಣಿಯೇ ಅದರ ಮುಂದೆ ಕೂತಿತು.

"ನಮ್ಮ ಸಾಬ್ರ ಕಿಡ್ನಿ ಹೋದ್ರ ನಿಮ್ಮದು ಬಿಚ್ಚಿ ಕೊಡ್ತೀರೇನು?" ಫಕೀರವ್ವ ಗರ್ಜಿಸಿದಳು.

ಬಸ್ಸಿನ ಬಾಗಿಲಲ್ಲಿ ಸುಪರ್‌ವೈಜರ ಗಡಿಯಾರ ನೋಡಿದ, ಹಿಂದೆ ಹಾರ್ನ್ ಹೊಡೆಯುತ್ತಿದ್ದ ಅದಿರಿನ ಲಾರಿಗಳನ್ನು ನೋಡಿದ. "ಬರೇಂ ಬಾಬಾ, ಆಯ್ತು, ಕೊಟ್ಟೆ! ನಾಳೆ ಬೆಳಿಗ್ಗೆಯಿಂದಲೇ ಇವನಿಗೆ ಡೇ ಶಿಫ್ಟ್!"

ಚಪ್ಪಾಳೆ, ಸೀಟಿ. ಲಾಡಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವತ್ತು ರಾತ್ರಿ ನಿದ್ದೆ! ಮುರ್ತುಜಾಸಾಬ ಮನೆಯತ್ತ ತಿರುಗಿದ. ಸುಪರ್‌ವೈಜರ ಅವನ ಅಂಗಿಯ ತೋಳು ಹಿಡಿದೆಳೆದು ಬಸ್ಸು ಹತ್ತಿಸಿದ.

"ಎಲ್ಲಿಗೆ? ಡೇ ಶಿಫ್ಟ್ ನಾಳೆ ಬೆಳಿಗ್ಗೆಯಿಂದ. ಇವತ್ತು ನೈಟ್ ಇದ್ದೇ ಇದೆ. ಮುಗಿಸಿ ಹಾಗೇ ಮಶೀನ್ ಹತ್ತಿರ ನಿಂತುಕೋ, ಮನೆಗೆ ಹೋಗಿಬರೋ ತ್ರಾಸೂ ಇಲ್ಲ."

ಬಸ್ಸು ಹೊರಟಿತು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಫಕೀರವ್ವ ಕಿಟಕಿಯ ಜೊತೆಗೇ ಓಡುತ್ತ ಕೂಗಿದಳು:

"ಸಾಬ್ರ, ಇನ್ನ ಆರಾಮ ಮಲಗ್ರಿ!"