ಪೊದೆಗೊಂದು ಇನ್‌ಸ್ಪೆಕ್ಷನ್

…ಅಲ್ಲ, ನಮ್ಮ ಸೋದರಮಾವ ಗಿಡಗಳಿಗೆ ಮೆಮೊ ಕೊಡುತ್ತಿದ್ದರು ಎಂದು ನಾನು ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನಲ್ಲ, ಅದು ನಿಜವೇ? ಒಂದು ತಂಗಡಿ ಸಸಿಯ ಎದುರು ನಿಂತು, "ಪಕ್ಕದವನು ಮೊಣಕಾಲೆತ್ತರ ಬೆಳೆದಿದಾನೆ, ನಿಂದೇನು ಸಮಾಚಾರ?" ಎಂದು ಗದರಿದ್ದಂತೂ ನೆನಪಿದೆ. ಕೈಯಲ್ಲಿ ಕಾಗದ ಇತ್ತೋ ಇಲ್ಲವೋ! ಪ್ರತಿ ಸಲ ಹೇಳುವಾಗಲೂ ನಾನೇ ಒಂದು ಕಾಗದ ಸೇರಿಸಿ, ಈಚೆಗೆ ಅದಕ್ಕೆ ಮೊಹರನ್ನೂ ಒತ್ತಿಬಿಟ್ಟಿರಬಹುದು.

ಮಾವ ಪೀಣ್ಯದ ಕಡೆಯ ಕಾರ್ಖಾನೆಯೊಂದರಲ್ಲಿ ನಲವತ್ತು ವರ್ಷ ದುಡಿದವರು. ನಿವೃತ್ತರಾದದ್ದು ಕಾರ್ಖಾನೆಗೆ ಗೊತ್ತು, ಅವರಿಗೆ ಗೊತ್ತಿಲ್ಲ! ಬಾಗಲಗುಂಟೆಯ ಆಚೆ, ಕೆರೆಯಂಚಿನ ಸಾರ್ವಜನಿಕ ಜಾಗದಲ್ಲಿ ಪ್ರತಿ ಭಾನುವಾರ ಅವರ ಫಸ್ಟ್ ಶಿಫ್ಟ್. ಹಬ್ಬಿದ ಲಂಟಾನ ಕಿತ್ತು, ಆ ನೆಲದ್ದೇ ಆದ ಕಾರೆ, ಕವಳೆ, ತಂಗಡಿ ನೆಡುವುದು. ಜೊತೆಗೆ ರಜೆಯಲ್ಲಿ ಬೆವರಲು ಬರುವ ನಾಲ್ಕಾರು ಸಾಫ್ಟ್‌ವೇರ್ ಜನ, ಮತ್ತು ಕಲಬುರಗಿ ಕಡೆಯಿಂದ ಬಂದು ಅಲ್ಲೇ ಬಾಡಿಗೆ ರೂಮಿನಲ್ಲಿದ್ದು ಪ್ಯಾಕಿಂಗ್ ಕೆಲಸಕ್ಕೆ ಹೋಗುವ ಶರಣಮ್ಮ. ಯಾರೇ ಗುಂಡಿ ತೋಡಲಿ, ಮಾವ ಅದಕ್ಕೆ ಸ್ಕೇಲು ಇಳಿಸುತ್ತಿದ್ದರು.

"ಎರಡು ಇಂಚು ಕಮ್ಮಿ. ರಿಜೆಕ್ಟ್!"

"ಅಂಕಲ್, ಗಿಡಕ್ಕೆ ಅದೆಲ್ಲ ಗೊತ್ತಾಗುತ್ತಾ?" ಎಂದಳು ಒಬ್ಬಳು ಸಾಫ್ಟ್‌ವೇರ್ ಹುಡುಗಿ.

"ಗಿಡಕ್ಕೆ ಗೊತ್ತಾಗೋ ಮುಂಚೆ ನಂಗೆ ಗೊತ್ತಾಗ್ಬೇಕು ಕಣಮ್ಮ. ಅದಕ್ಕೇ ನಾನಿರೋದು."

ಇಷ್ಟೆಲ್ಲ ಯಾರಿಗಾಗಿ? ಒಂದು ಜೊತೆ ಕೌಜುಗಗಳಿಗಾಗಿ! ಸುತ್ತಲಿನ ಪೊದೆಗಳೆಲ್ಲ ಸೈಟು, ಶೆಡ್ಡು ಆದ ಮೇಲೆ ಆ ಹಕ್ಕಿಗಳಿಗೆ ಉಳಿದದ್ದು ಈ ಅರ್ಧ ಎಕರೆ. ಅಲ್ಲೂ ಲಾನ್, ಬೆಂಚು ಬೇಕೆಂದು ಪಕ್ಕದ ಅಪಾರ್ಟ್‌ಮೆಂಟಿನವರು ಪಾಲಿಕೆಗೆ ಅರ್ಜಿ ಹಾಕಿದ್ದರು. ಪೊದೆ ಇರಬೇಕೋ ಬೇಡವೋ ಎಂದು ನೋಡಲು ಅಧಿಕಾರಿಯೊಬ್ಬರು ಬರುವುದೆಂದಾಯಿತು.

ಕಾರ್ಖಾನೆಗೆ ದೊಡ್ಡವರು ಬರುವ ಮುಂಚೆ ಏನು ಮಾಡುತ್ತಾರೆ? ಗುಡಿಸುತ್ತಾರೆ, ಸುಣ್ಣ ಬಳಿಯುತ್ತಾರೆ! ನಲವತ್ತು ವರ್ಷದ ಅಭ್ಯಾಸ ಸುಮ್ಮನೆ ಕೂರುತ್ತದೆಯೇ? ಹಿಂದಿನ ದಿನ ಮಾವ ಎಲ್ಲರನ್ನೂ ಕರೆಸಿ ತರಗೆಲೆ ಚೀಲಕ್ಕೆ ತುಂಬಿಸಿದರು, ಒಣಹುಲ್ಲು ಕೊಯ್ಯಿಸಿದರು, ಪೊದೆಗಳ ಬುಡದ ರೆಂಬೆ ಸವರಿಸಿದರು, ದಾರಿಯ ಕಲ್ಲುಗಳಿಗೆ ಸುಣ್ಣ ಹೊಡೆಸಿದರು.

"ಎಲಿ ತಗೀಬ್ಯಾಡ್ರೀ ಯಪ್ಪಾ, ಹಕ್ಕಿ ಎಲ್ಲಿ ಅಡಗಬೇಕ್ರಿ ಪಾಪ?" ಎಂದಳು ಶರಣಮ್ಮ.

"ಇನ್‌ಸ್ಪೆಕ್ಷನ್ ಕಣಮ್ಮಾ! ಹಕ್ಕಿ ಒಂದು ದಿನ ಅಡ್ಜಸ್ಟ್ ಮಾಡ್ಕೊಳ್ಳುತ್ತೆ."

ಅಧಿಕಾರಿ ಬಂದರು. ಸುತ್ತ ನೋಡಿದರು. ಮುಖ ಅರಳಿತು. "ಸಕ್ಕತ್ತಾಗಿ ಕ್ಲೀನ್ ಮಾಡ್ಸಿದೀರ ಸಾರ್. ಲಾನ್ ಹಾಕಕ್ಕೆ ನಮ್ಮ ಅರ್ಧ ಕೆಲಸ ಉಳಿಸ್ಬಿಟ್ರಿ!"

ಊರವರ ಕೆಲಸವನ್ನೆಲ್ಲ ರಿಜೆಕ್ಟ್ ಮಾಡಿದ ಮನುಷ್ಯ ಅಂದು ತನ್ನ ಕೆಲಸವನ್ನೇ ರಿಜೆಕ್ಟ್ ಮಾಡಿದರು. "ತಪ್ಪು ನಂದು ಸಾರ್. ಜಾಗ ಹೀಗಿರಲಿಲ್ಲ, ನಾನೇ ಹಾಳು ಮಾಡ್ದೆ. ಒಂದು ಮಳೆಗಾಲ ಬಿಡಿ. ಓಡಿಹೋದ ಕೌಜುಗ ವಾಪಸ್ ಬರ್ಲಿಲ್ಲ ಅಂದ್ರೆ ನಿಮ್ಮ ಲಾನಿಗೆ ನಾನೇ ಗುದ್ದಲಿ ಹಿಡೀತೀನಿ."

ಅಧಿಕಾರಿ ವಾಚು ನೋಡಿಕೊಂಡು, ಆಗಲಿ ಎಂದರು. ಕರಗಿದ್ದರೋ, ಊಟದ ಹೊತ್ತಾಗಿತ್ತೋ! ಅವರ ಜೀಪು ಹೊರಟದ್ದೇ ಶರಣಮ್ಮ ಚೀಲಗಳ ಬಾಯಿ ಬಿಚ್ಚಿ ತರಗೆಲೆಯನ್ನು ಮತ್ತೆ ನೆಲಕ್ಕೆ ಸುರಿದಳು. ಮಾವ ಮಂಡಿಯೂರಿ, ಎರಡೂ ಕೈಯಿಂದ ಪೊದೆಗಳ ಬುಡಕ್ಕೆ ಹರವತೊಡಗಿದರು.

"ಹಂಗ ಹರವ್ರಿ. ಅಳತಿ ನೋಡಬ್ಯಾಡ್ರಿ ಮತ್ತ!"

ಮಳೆಗಾಲ ಮುಗಿಯುತ್ತ ಬಂದಾಗ, ಒಂದು ಬೆಳಗ್ಗೆ ಮಾವ ನನ್ನನ್ನು ಅಲ್ಲಿಗೆ ಕರೆದೊಯ್ದು ನಿಲ್ಲಿಸಿದರು. ಪೊದೆಯ ಕಡೆ ಕೈತೋರಿಸಿ ಕೇಳಿದರು: "ಕೂಗ್ತೇನೋ?"

"ನೀವೇ ಕೇಳಿ ಮಾವ."

"ಫ್ಯಾಕ್ಟ್ರಿ ಪ್ರೆಸ್ ಶಾಪಿನ ಮಷಿನ್ ಸದ್ದು ಕಿವಿ ತಿಂದ್ಬಿಡ್ತು ಕಣೋ. ಎದುರಿಗೆ ನಿಂತು ಮಾತಾಡಿದ್ರೆ ಕೇಳುತ್ತೆ. ಹಕ್ಕಿ ದನಿ ಕೇಳಿ ಎಷ್ಟು ವರ್ಷ ಆಯ್ತೋ."

ನನಗೆ ಇದು ಗೊತ್ತೇ ಇರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಪೊದೆಯ ಕಡೆಯಿಂದ ಏನೋ ಕೇಳಿಸಿತು. ತುಮಕೂರು ರಸ್ತೆಯ ಲಾರಿಯ ಬ್ರೇಕೂ ದೂರದಿಂದ ಹೆಚ್ಚುಕಡಿಮೆ ಹಾಗೇ ಕೇಳುತ್ತದೆ.

"ಕೂಗ್ತು ಮಾವ. ಎರಡು ಸಲ."

ಅವರು ಕಣ್ಣುಮುಚ್ಚಿ ತಲೆಯಾಡಿಸಿದರು, ತಾವೇ ಕೇಳಿದವರಂತೆ. ಹಕ್ಕಿ ಬಂದಿದೆಯೆಂದು ಅಧಿಕಾರಿಗೆ ಬರೆದುಕೊಟ್ಟರು. ಕಿವಿಯಾರೆ ಕೇಳಿದವನೆಂದು ಸಹಿ ಹಾಕಿದ್ದು ನಾನು. ಪೊದೆ ಉಳಿದಿದೆ. ಅಂದು ಕೂಗಿದ್ದು ಕೌಜುಗವೋ ಅಲ್ಲವೋ, ನನಗೆ ಗೊತ್ತಿಲ್ಲ.