ಅಳಿಯಂದಿರ ವಿಮಾನ

ಕನ್ನಡಕದ ಅಂಗಡಿಯ ಯಜಮಾನರಿಗೆ ಒಂದು ಚಾಳಿ: ಕಣ್ಣಿಗೆ ಬಿದ್ದದ್ದನ್ನೆಲ್ಲ ಒರೆಸುವುದು. ಜೇಬಿನಲ್ಲಿ ಸದಾ ಮೆತ್ತನೆಯ ಹಳದಿ ಬಟ್ಟೆ. ಗಿರಾಕಿಗಳ ಕನ್ನಡಕ ಒರೆಸಲಿ, ಅದು ಹೊಟ್ಟೆಪಾಡು. ಮನೆಗೆ ಬಂದರೂ ಕೈ ಸುಮ್ಮನಿರಬೇಡವೇ? ಗಡಿಯಾರ, ಟಿವಿ, ಕಿಟಕಿ ಎಲ್ಲಕ್ಕೂ ನಿತ್ಯಸೇವೆ. ಒಮ್ಮೆ ಮಾತಿನ ಭರದಲ್ಲಿ ಅತ್ತೆಯವರ ಕನ್ನಡಕವನ್ನೂ ಒರೆಸಿದ್ದರು (ಅದು ಅತ್ತೆಯವರ ಮೂಗಿನ ಮೇಲಿದ್ದಾಗಲೇ). ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹೆಂಡತಿ ಕೈಚೆಲ್ಲಿದ್ದಳು.

ಆ ಹೆಂಡತಿಗೆ ಅಂದು ಮಧ್ಯಾಹ್ನ ಸಂದರ್ಶನ. ಗಣಿತ ಕಲಿಸಿ ಕಲಿಸಿ ಗಂಟಲು ಸವೆದ ಮೇಲೆ ಮುಖ್ಯೋಪಾಧ್ಯಾಯಿನಿಯ ಕುರ್ಚಿ ಕೈಗೆಟಕುವಷ್ಟು ಹತ್ತಿರ ಬಂದಿತ್ತು. ಆಡಳಿತ ಮಂಡಳಿಯವರು ಲ್ಯಾಪ್‌ಟಾಪಿನಲ್ಲೇ ಮುಖ ನೋಡಿ, ಪಾಠ ಕೇಳಿ, ತೀರ್ಮಾನಿಸುವವರಿದ್ದರು. ಪಾಠದ ಚಿತ್ರಗಳೆಲ್ಲ ಅದರೊಳಗೇ ಇದ್ದವು. ಅಂಥ ದಿನ ಬೆಳಿಗ್ಗೆ ನೋಡಿದರೆ ಮೊಬೈಲಿಗೆ ವೈಫೈ ಉಂಟು, ಲ್ಯಾಪ್‌ಟಾಪಿಗೆ ಇಲ್ಲ.

"ಒಳಗಿನ ವೈಫೈ ತೀರ್ಕೊಂಡಿದೆ," ಎಂದರು ಯಜಮಾನರು, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಿಂದ.

"ರಿಪೇರಿಯವರನ್ನ ಕರೀರಿ."

"ಅವರ್ಯಾಕೆ? ನಾನಿಲ್ವಾ?"

"ನೀವಿದೀರಿ ಅಂತಾನೇ ರೀ ನನಗೆ ಭಯ."

ಯಜಮಾನರು ಓಡಿಹೋಗಿ ಉಗುರಿನಷ್ಟು ದೊಡ್ಡ ಯುಎಸ್‌ಬಿ ಅಡಾಪ್ಟರ್ ತಂದರು. ಚುಚ್ಚಿದರೆ ಸಾಕು, ಹೊರಗಿನಿಂದಲೇ ವೈಫೈ ಹಿಡಿದು ಕೊಡುತ್ತದಂತೆ. ಚುಚ್ಚಿದರು. ಡ್ರೈವರ್ ಎಂಬ ತಂತ್ರಾಂಶ ಬೇಕು ಎಂದಿತು ಲ್ಯಾಪ್‌ಟಾಪು. ಡ್ರೈವರ್ ಡಬ್ಬಿಯಲ್ಲೇ ಸಿ.ಡಿ. ರೂಪದಲ್ಲಿತ್ತು, ಲ್ಯಾಪ್‌ಟಾಪಿಗೆ ಸಿ.ಡಿ. ನುಂಗುವ ಬಾಯೇ ಇಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಿ ಎಂದು ಡಬ್ಬಿಯ ಬೆನ್ನಿನ ಮೇಲೆ ಸಲಹೆ ಇತ್ತು. ಇಂಟರ್‌ನೆಟ್ ಬಾರದೆ ಡ್ರೈವರ್ ಇಲ್ಲ, ಡ್ರೈವರ್ ಇಲ್ಲದೆ ಇಂಟರ್‌ನೆಟ್ ಬಾರದು. ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ, ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ! ಕೊನೆಗೆ ಅಂಗಡಿಗೆ ಓಡಿ, ಅಲ್ಲಿನ ಕಂಪ್ಯೂಟರಿನಿಂದ ಪೆನ್‌ಡ್ರೈವಿಗೆ ತುಂಬಿಕೊಂಡು ಏದುಸಿರು ಬಿಡುತ್ತಾ ಬಂದರು.

ಡ್ರೈವರ್ ಕೂತಿತು. ಎಲ್ಲ ಸರಿಯಿದೆ ಎಂದು ಪರದೆ ಸಾರಿತು. ವೈಫೈ ಮಾತ್ರ ಇಲ್ಲ. ಯಜಮಾನರಿಗೆ ಬೆವರು ಕಿತ್ತುಕೊಂಡಿತು. ಕೀಲಿಮಣೆಯ ಮೇಲೆ ತೊಟ್ಟಿಕ್ಕಿದ್ದನ್ನು ಹಳದಿ ಬಟ್ಟೆಯಿಂದ ಒರೆಸಿದರು. ಒರೆಸಿದ್ದೇ ತಡ, ವೈಫೈ ಬಂತು!

"ನೋಡಿದ್ಯೇನೇ?" ಎಂದು ಎದೆಯುಬ್ಬಿಸಿ, ಆ ಖುಷಿಗೆ ಕೀಲಿಮಣೆಯನ್ನು ಇನ್ನೊಮ್ಮೆ ಒರೆಸಿದರು. ವೈಫೈ ಹೋಯಿತು.

"ಅಳಿಯಂದ್ರೇ, ಒಂದು ಮಾತು," ಎಂದರು ಮೂಲೆಯ ಕುರ್ಚಿಯಿಂದ ಅತ್ತೆ.

"ಆಮೇಲೆ ಅತ್ತೆ, ಇದು ಟೆಕ್ನಿಕಲ್ಲು."

ಡ್ರೈವರನ್ನು ಕಿತ್ತುಹಾಕಿದರು, ಮತ್ತೆ ಕೂರಿಸಿದರು. ಎಡಗಡೆ ಚುಚ್ಚಿದರು, ಬಲಗಡೆ ಚುಚ್ಚಿದರು. ಹೆಂಡತಿ ಒಳ್ಳೆಯ ಸೀರೆಯುಟ್ಟು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗಿದಳು. "ಇಷ್ಟು ವರ್ಷ ಕಾದಿದ್ದು ಇದಕ್ಕೇನಾ?" ಎಂದಾಗ ಅವಳ ದನಿ ನಡುಗಿತು. ಯಜಮಾನರಿಗೆ ನಿಜಕ್ಕೂ ಕರುಳು ಚುರ್ರೆಂದಿತು. ಕರುಳು ಚುರ್ರೆಂದರೆ ಅವರು ಮಾಡುವುದು ಒಂದೇ. ಒರೆಸಿದರು.

"ಬಂತು, ಬಂತು!" ಎಂದಳು ಹೆಂಡತಿ.

ಒತ್ತಿ ಒರೆಸಿದರು.

"ಹೋಯ್ತು."

"ಅಳಿಯಂದ್ರೇ," ಅತ್ತೆಯವರ ತಾಳ್ಮೆಯೂ ಹೋಯಿತು, "ನೀವು ಒರೆಸಿದಾಗೆಲ್ಲ ಆ ಪರದೆ ಮೂಲೇಲಿ ಒಂದು ವಿಮಾನ ಬಂದು ಹೋಗತ್ತಲ್ಲ, ಅದೇನು? ನಾನಾಗ್ಲಿಂದ ನೋಡ್ತಾನೇ ಇದೀನಿ."

ಹೆಂಡತಿ ನಿಂತಲ್ಲೇ ನಿಂತಳು. ಬಗ್ಗಿ, ಕೀಲಿಮಣೆಯ ಮೇಲಿನ ಸಾಲಿನಲ್ಲಿದ್ದ ಪುಟ್ಟ ವಿಮಾನದ ಚಿತ್ರದ, ಒಮ್ಮೆ ಒತ್ತಿದರೆ ವೈಫೈ ಆರಿಸಿ ಇನ್ನೊಮ್ಮೆ ಒತ್ತಿದರೆ ಹೊತ್ತಿಸುವ, ಗುಂಡಿಯನ್ನು ಒತ್ತಿದಳು. ವೈಫೈ ಬಂತು. ಅಡಾಪ್ಟರನ್ನು ಕಿತ್ತು ಮೇಜಿನ ಮೇಲಿಟ್ಟಳು. ಆಗಲೂ ವೈಫೈ ಅಲುಗಲಿಲ್ಲ. ತೀರಿಕೊಂಡಿದ್ದ ಒಳಗಿನ ವೈಫೈ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು.

"ಬೆಳಿಗ್ಗೆ ಇದನ್ನ ಯಾರು ಒರೆಸಿದ್ದು?"

"ಸಂದರ್ಶನ ಅಲ್ವೇನೇ... ಪಳಪಳ ಅನ್ಲಿ ಅಂತ..."

ಉತ್ತರಿಸಲು ಪುರುಸೊತ್ತಿರಲಿಲ್ಲ, ಮಂಡಳಿಯವರು ಪರದೆಗೆ ಬಂದಾಗಿತ್ತು. ಯಜಮಾನರನ್ನು ಪಕ್ಕದ ಸ್ಟೂಲಿನ ಮೇಲೆ, ಯಾರಿಗೂ ಕಾಣದಂತೆ ಕೂರಿಸಲಾಯಿತು. ಪಾಠ ಸೊಗಸಾಗಿ ನಡೆಯಿತು. ಆದರೆ ಯಜಮಾನರಿಗೆ ಕ್ಯಾಮೆರಾದ ಕಣ್ಣಿನ ಮೇಲೆ ಒಂದು ಬೆರಳಚ್ಚು ಕಂಡಿತು. ನೋಡಬಾರದೆಂದು ಸೂರು ನೋಡಿದರು. ನೆಲ ನೋಡಿದರು. ಕಾಲು ಕುಣಿಸಿದರು. ಬೆರಳಚ್ಚು ಅಲ್ಲೇ ಇತ್ತು.

"ಎಷ್ಟು ಹೇಳಿದ್ರೂ ಕೇಳದ ಹುಡುಗರನ್ನ ಹೇಗೆ ಹದ್ದುಬಸ್ತಿನಲ್ಲಿ ಇಡ್ತೀರಿ ಮೇಡಂ?" ಎಂದು ಕೇಳಿದರು ಅಧ್ಯಕ್ಷರು.

ಹೆಂಡತಿ ಬಾಯಿ ತೆರೆಯುವಷ್ಟರಲ್ಲಿ ಮಂಡಳಿಯವರಿಗೆಲ್ಲ ಕಾಣುವಂತೆ ಹಳದಿ ಬಟ್ಟೆ ಹಿಡಿದ ಕೈಯೊಂದು ಪರದೆಯೊಳಗೆ ತೂರಿತು. ಅವಳು ಮುಖ ಕೂಡ ತಿರುಗಿಸಲಿಲ್ಲ. ಮಣಿಕಟ್ಟು ಹಿಡಿದಳು, ಬಟ್ಟೆ ಕಿತ್ತುಕೊಂಡಳು.

"ಕೈ ಕಟ್ಟಿ. ಗೋಡೆ ಕಡೆ ತಿರುಗಿ."

ಯಜಮಾನರು ಕೈ ಕಟ್ಟಿದರು, ತಿರುಗಿದರು.

ಅತ್ತ ಕಡೆ ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ಉತ್ತರ ಸಿಕ್ತು ಮೇಡಂ. ಯಾವತ್ತಿಂದ ಬರ್ತೀರಿ?"

ಅತ್ತೆ ಮಗಳನ್ನು ತಬ್ಬಿ ಕಣ್ಣೊರೆಸಿಕೊಂಡರು. ಆಮೇಲೆ ನೆನಪಾಗಿ, "ಅಳಿಯಂದ್ರೇ, ಇನ್ನು ಈ ಕಡೆ ತಿರುಗಬಹುದಂತೆ," ಎಂದರು.

ಅಳಿಯಂದಿರು ತಿರುಗಲಿಲ್ಲ. ಗೋಡೆಯ ಮೇಲೊಂದು ಕಲೆ ಕಂಡಿತ್ತು. ಬಟ್ಟೆ ಜಪ್ತಿಯಾಗಿದ್ದರಿಂದ ಅಂಗಿಯ ಚುಂಗಿನಿಂದಲೇ ಒರೆಸುತ್ತಿದ್ದರು.